ಹುಳ ಹುಡುಕಿದ ಲಕ್ಷ್ಮವ್ವ

ಪರ್ವರಿಯ ದೇವಸ್ಥಾನದ ಬಾಗಿಲಲ್ಲಿ ಹೂ ಮಾರುವ ಲಕ್ಷ್ಮವ್ವನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಗಂಡನ ಸೆಂಟ್ರಿಂಗ್ ಕೆಲಸದ ಬೆನ್ನು ಹತ್ತಿ ಬಾಗಲಕೋಟೆ ಕಡೆಯಿಂದ ಗೋವೆಗೆ ಬಂದವಳು. ಕೊಂಕಣಿ ಕಲಿತದ್ದು ಗಿರಾಕಿಗಳ ಜೊತೆ ಜಗಳಾಡಿ. ಅಳಿಯ ಪರಶು ಮೊಬೈಲಿಗೆ ಸಿಕ್ಕಿಸುವ ಪುಟ್ಟ ಭೂತಗನ್ನಡಿ ತಂದುಕೊಟ್ಟ ದಿನದಿಂದ ನಮ್ಮ ಸಾಲುಮನೆಗಳ ಚಾಳಿನಲ್ಲಿ ಯಾರಿಗೂ ನೆಮ್ಮದಿಯಿಲ್ಲ. ತುಂಬೆ ಹೂವಿನ ಎಸಳು, ಇರುವೆಯ ಮೀಸೆ, ನನ್ನ ಮೂಗಿನ ಮೇಲಿನ ಮಚ್ಚೆ, ಎಲ್ಲದರ ಫೋಟೋ ಉಸಿರು ಬಿಗಿಹಿಡಿದು ತೆಗೆಯುತ್ತಾಳೆ. ಆ ಮಚ್ಚೆಯನ್ನು ಚಾಳಿಗೆಲ್ಲ ತೋರಿಸಿ, "ಇದೇನ ಹೇಳ್ರಿ?" ಎಂದು ಒಗಟು ಹಾಕಿದ್ದನ್ನು ನಾನಿನ್ನೂ ಮರೆತಿಲ್ಲ.

ರಸ್ತೆಯ ಆಚೆ ಬದಿಗೆ ಚಂದ್ರಿಬಾಯಿ ಕೂರುತ್ತಾಳೆ. ಇಬ್ಬರದೂ ಅಬೋಲಿ, ಅಂದರೆ ನಮ್ಮ ಕನಕಾಂಬರದ ದಂಡೆ. ಲಕ್ಷ್ಮವ್ವನ ಹೂ ಬೆಳಗಾವಿಯಿಂದ ಬಸ್ಸಿನಲ್ಲಿ ಬರುತ್ತದೆ. ಚಂದ್ರಿಬಾಯಿಯದು ಅವಳು ಕೆಲಸಕ್ಕೆ ಹೋಗುವ ಮನೆಯ ಹಿತ್ತಲಿನದು. ಚೌತಿ ಹತ್ತಿರ ಬಂದಂತೆ, ತಾಜಾ ಹೂವೆಂದು ಗಿರಾಕಿಗಳೆಲ್ಲ ಆಚೆ ಬದಿಗೇ ಹೋಗತೊಡಗಿದರು. ಹಬ್ಬದ ವ್ಯಾಪಾರ ಕೈತಪ್ಪಿದರೆ ದಸರೆಯವರೆಗೂ ಬಾಯಿಗೆ ಮಣ್ಣೇ ಗತಿ. ಲಕ್ಷ್ಮವ್ವನ ಹೊಟ್ಟೆ ಉರಿಯಿತು.

ಚಂದ್ರಿಬಾಯಿಯ ದಂಡೆಯೊಂದನ್ನು ಬೇರೆಯವರ ಕೈಲಿ ತರಿಸಿ, ಎಸಳೆಸಳು ಬಿಡಿಸಿ, ಕೊನೆಗೂ ಒಂದು ಹುಳ ಹಿಡಿದಳು. ಬರಿಗಣ್ಣಿಗೆ ಸಾಸಿವೆಗಿಂತ ಸಣ್ಣದು. ಫೋಟೋದಲ್ಲಿ ಎಮ್ಮೆಯಂತೆ ಕಾಲೂರಿ ನಿಂತಿತ್ತು.

"ನೋಡ್ರಿ ಬಾಯಿ, ಅಕಿ ಹೂವಿನ್ಯಾಗ ಏನೈತಿ! ಇದನ್ನ ತಲ್ಯಾಗ ಮುಡಕೊಂತೀರೇನ?"

ಫೋಟೋ ನೋಡಿದ ಗಿರಾಕಿಗಳೆಲ್ಲ ತಲೆ ಕೆರೆದುಕೊಳ್ಳುತ್ತ ಲಕ್ಷ್ಮವ್ವನ ಬುಟ್ಟಿಗೇ ಕೈ ಹಾಕಿದರು. ಚಂದ್ರಿಬಾಯಿ ನೊಣ ಹೊಡೆಯುತ್ತ ಕೂತಳು. ನನಗೆ ಪಾಪ ಎನಿಸಿತು, ನಗುವೂ ಬಂತು.

ಚೌತಿಯ ಮುನ್ನಾದಿನ ಕನ್ನಡ ಶಾಲೆಯ ಸೌಂದರ್ಯಾ ಟೀಚರ್ ಬಂದರು. ಅವರಿಗೂ ಫೋಟೋ ತೋರಿಸಿದ್ದಾಯಿತು.

"ಹುಳ ಜೀವಂತ ಐತಿ ಅಂದ್ರ ಈ ಹೂವಿಗೆ ಔಷಧ ಹೊಡದಿಲ್ಲ. ಎಲ್ಲಿ ಸಿಗತಾವ್ರಿ ಇವು?" ಎಂದರು ಟೀಚರ್.

ಲಕ್ಷ್ಮವ್ವನ ಬೆರಳು ತಾನಾಗಿಯೇ ಆಚೆ ಬದಿ ತೋರಿಸಿತು. ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿ ಹೆಂಗಸರೆಲ್ಲ ಚಂದ್ರಿಬಾಯಿಗೆ ಮುಗಿಬಿದ್ದು ಹುಳದ ಹೂವೇ ಬೇಕೆಂದು ಹಟ ಹಿಡಿದರು. ಈಚೆ ಬಂದವರು ಲಕ್ಷ್ಮವ್ವನದೇ ಭೂತಗನ್ನಡಿ ಇಸಿದುಕೊಂಡು, ಅವಳದೇ ದಂಡೆ ಜಾಲಾಡಿ, "ನಿಮ್ಮದರಾಗ ಒಂದೂ ಇಲ್ಲಲ್ರಿ?" ಎಂದು ಮೂಗು ಮುರಿದು ಹೋದರು. ಅವಳೂ ಬುಟ್ಟಿಯೆಲ್ಲ ಹುಡುಕಿದಳು. ಒಂದು ಇರುವೆಯೂ ಸಿಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಹೂ ಬಾಡುವುದನ್ನು ಕಂಡು ಅವಳಿಗೆ ನಿಜಕ್ಕೂ ಅಳು ಬಂತು.

ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ರಸ್ತೆ ದಾಟಿದಳು. ನಾನೂ ಹಿಂದೆಯೇ ಹೋದೆ. ಇಂಥದ್ದನ್ನು ನೋಡದೆ ಬಿಡಲಾದೀತೆ?

"ಚಂದ್ರಿ, ನಾಕ ಹುಳ ಇದ್ರ ಕೊಡವ್ವಾ," ಎಂದಳು ಲಕ್ಷ್ಮವ್ವ, ದನಿ ಇಳಿಸಿ.

ಚಂದ್ರಿಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬುಟ್ಟಿಯ ತಳದಲ್ಲಿ ಉಳಿದಿದ್ದ ಬಿಡಿ ಹೂಗಳನ್ನು ಮುಂದಕ್ಕೆ ತಳ್ಳಿದಳು.

"ಆರಿಸ್ಕೊ. ನನ್ನ ಹೂವಿನ್ಯಾಗ ಹುಳಾ ಹುಡಕೂದು ನಿನಗ ಹೊಸದೇನ?"