ಅರ್ಧಕ್ಕೆ ನಿಂತ ಟ್ರಾಲಿ

ಗೆಳೆಯರೇ, ವಿಕ್ರೋಳಿಯ ನಮ್ಮ ಸೈಟಿನಲ್ಲಿ ಇವತ್ತು ಒಡೆದ ಚಾಳಿನ, ಅಂದರೆ ಹಳೇ ವಠಾರದ, ಗೋಡೆ ತುಂಬಿಕೊಂಡ ಟ್ರ್ಯಾಕ್ಟರ್ ಟ್ರಾಲಿ ಸುರಿಯಲು ಹೋಗಿ ಅರ್ಧಕ್ಕೆ ಎದ್ದು ನಿಂತುಬಿಟ್ಟಿತು. ಊರಲ್ಲಿ ಹೊಲ ಉತ್ತು ಮುದಿಯಾದ ಮೇಲೆ ಮುಂಬೈಗೆ ಬಂದ ಟ್ರ್ಯಾಕ್ಟರ್ ಅದು. ರಿಪೇರಿ ನನ್ನ ಕೆಲಸ. ಟ್ರಾಲಿ ಎತ್ತುವ ಹೈಡ್ರಾಲಿಕ್ ಎಣ್ಣೆಯ ಮಟ್ಟ ಸರಿಯಿತ್ತು. ಗೇಜ್ ಹಾಕಿದರೆ ಪ್ರೆಶರ್ ಇಲ್ಲ, ಪಂಪ್ ಕೀರಲು ದನಿಯಲ್ಲಿ ಅಳುತ್ತಿದೆ. ಪಂಪನ್ನು ಬಿಚ್ಚುವ ಮೊದಲು, ಅದಕ್ಕೆ ಎಣ್ಣೆ ಸೋಸಿ ಕೊಡುವ ಫಿಲ್ಟರ್ ತೆಗೆದೆ. ಅದರ ತುಂಬ ಗಟ್ಟಿ ಹಳದಿ ಲೇಪ. ಮೂಸಿದೆ, ಅರಿಸಿನ.

ಡ್ರೈವರ್ ಮಲ್ಲಪ್ಪ ವಿಜಯಪುರದ ಕಡೆಯವನು, ಅರಿಸಿನದ ಭಂಡಾರವೇ ಪ್ರಸಾದವಾದ ಮೈಲಾರಲಿಂಗನ ಭಕ್ತ. ಕೇಳಿದರೆ ಮುಚ್ಚಿಡಲಿಲ್ಲ.

"ಪ್ರತಿ ಅಮಾಸಿಗಿ ಚಿಟಿಕಿ ಭಂಡಾರ ಒಳಗ ಹಾಕ್ತೀನ್ರಿ. ಪೂಜಿ ಬರೇ ಬಾನೆಟ್ಟಿಗ್ಯಾಕ? ಭಾರ ಎತ್ತೋದು ಒಳಗಿನ ಎಣ್ಣಿ ಅಲ್ಲೇನ್ರಿ?"

"ಅದರಿಂದಲೇ ಫಿಲ್ಟರ್ ಕಟ್ಟಿದ್ದು ಮಾರಾಯ."

"ಕಟ್ಟಿದ್ದು ಇವತ್ತರಿ. ಇಷ್ಟ ವರ್ಷ ಎತ್ತಿದ್ದು ಹ್ಯಾಂಗ?"

ಆ ಮುದಿ ಪಂಪ್ ಉಸಿರು ಕಟ್ಟಿಕೊಂಡೇ ದಿನವೂ ಗೋಡೆಗಳನ್ನು ಹೊತ್ತಿದ್ದಂತೂ ನಿಜ. ಹೊಸ ಫಿಲ್ಟರ್, ಹೊಸ ಎಣ್ಣೆ ಹಾಕಿ ಲಿವರ್ ಎಳೆದೆ. ತುಂಬಿದ ಟ್ರಾಲಿ ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ಮೆಲ್ಲನೆ, ಪೂರ್ತಿ ಮೇಲೆದ್ದಿತು.

ಮುಂದಿನ ಅಮಾವಾಸ್ಯೆಗೆ ಹೆದರಿ ಎಣ್ಣೆಯ ಮುಚ್ಚಳಕ್ಕೆ ಬೀಗ ಹಾಕಿದೆ. ಕೈ ತೊಳೆದು ಬರುವಷ್ಟರಲ್ಲಿ ಬೀಗದ ಮೇಲೆ ಭಂಡಾರ ಇತ್ತು.

ಒರೆಸಲು ನನಗೂ ಮನಸ್ಸು ಬರಲಿಲ್ಲ.