ಕೊರಳಿಗೆ ಹಚ್ಚಿದ ವಿಭೂತಿ

ಅಖಿಲಾಳನ್ನು ನಾನು ಮೊದಲು ನೋಡಿದ್ದು ಅವಳ ಅಕ್ಕ ಕಾವ್ಯಳ ಹೆಣಕ್ಕೆ ಸ್ನಾನ ಮಾಡಿಸಿದ ದಿನ. ಹನ್ನೆರಡು ವರ್ಷವಾಯಿತು, ಶ್ರಾವಣ ಕಳೆದು ಮೂರನೆಯ ದಿನ, ಬುಧವಾರ. ಮಕ್ತಲ್‌ನಲ್ಲಿ ನಮ್ಮ ಪೈಕಿ ಹೆಂಗಸರು ತೀರಿಕೊಂಡರೆ ಮೈ ತೊಳೆಯಲು ನನ್ನನ್ನೇ ಕರೆಯುತ್ತಾರೆ. ಕಾವ್ಯ ಧನ್ವಾಡದಿಂದ ಸೊಸೆಯಾಗಿ ಬಂದು ಹದಿನಾಲ್ಕು ತಿಂಗಳಾಗಿತ್ತು. ಎದೆನೋವು ಬಂದು ಸತ್ತಳೆಂದು ಅವಳ ಅತ್ತೆ ಹೇಳಿದಳು.

ಸೆರಗು ಸರಿಸಿದೆ. ಕೊರಳ ಎಡಕ್ಕೆ, ಕಿವಿಯ ಕೆಳಗೆ, ಮೂರು ಕಪ್ಪು ಕಲೆ, ಬಲಕ್ಕೆ ಒಂದು. ನನ್ನ ಬೆರಳು ಇಟ್ಟು ನೋಡಿದೆ. ಸರಿಯಾಗಿ ಕೂತವು.

ಅಷ್ಟರಲ್ಲಿ ತವರಿನವರು ಬಂದರು. ನಮ್ಮಲ್ಲಿ ಹೆಣವನ್ನು ಕೂರಿಸಿ ಹೂಳುವುದು. ಅದಕ್ಕೆ ಮೊದಲು ಹಣೆಗೆ, ಕೊರಳಿಗೆ, ತೋಳಿಗೆ ವಿಭೂತಿ ಹಚ್ಚುವುದು. ಹೆತ್ತವಳು ಕಲೆ ನೋಡಬಾರದೆಂದು ಕೊರಳಿಗೆ ಮೂರು ಸಲ ದಪ್ಪಗೆ ಹಚ್ಚಿದೆ. ಪುಣ್ಯದ ಕೆಲಸವೆಂದೇ ತಿಳಿದಿದ್ದೆ. ಬಾಗಿಲಲ್ಲಿ ಹದಿಮೂರರ ಹುಡುಗಿಯೊಬ್ಬಳು ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳೇ ಅಖಿಲಾ.

ಅಂದಿನಿಂದ ಯಾರ ಮೈ ತೊಳೆದರೂ ನನ್ನ ಕೈ ಮೊದಲು ಕೊರಳಿಗೇ ಹೋಗುತ್ತದೆ. ಒಮ್ಮೊಮ್ಮೆ ಹಿಟ್ಟು ನಾದುವಾಗ ನಾಲ್ಕು ಬೆರಳಿನ ಗುರುತು ಮೂಡಿದರೆ ಅಳಿಸಿ ಮತ್ತೆ ನಾದುತ್ತೇನೆ.

ಆ ಹುಡುಗಿ ಹೈದರಾಬಾದಿಗೆ ಹೋಗಿ ಯೂನಿವರ್ಸಿಟಿಯಲ್ಲಿ ಅಪರಾಧ, ನ್ಯಾಯ ಓದುತ್ತಾಳೆಂದು ಕೇಳಿದೆ. ಪಕ್ಕದ ಮನೆಯ ಪೆಂಟಮ್ಮ ನಕ್ಕಿದ್ದಳು. "ಕಳ್ಳತನ ಕಲಿಯಾಕೂ ಕಾಲೇಜು ಐತೇನು? ನಮ್ಮ ಮೈದುನ ಪುಕ್ಕಟೆ ಕಲಿಸ್ತಿದ್ದ." ಅಖಿಲಾಳ ಜೊತೆ ಓದಿದವರಲ್ಲಿ ಒಬ್ಬಳು ಜೈಲಿನಲ್ಲಿ ಕೆಲಸಕ್ಕೆ ಸೇರಿದಳಂತೆ, ಒಬ್ಬ ಬ್ಯಾಂಕಿನಲ್ಲಿ ಮೋಸ ಹುಡುಕುತ್ತಾನಂತೆ. ಅಖಿಲಾ ಗದ್ವಾಲದಲ್ಲಿ ಸುಳಿವು ಹುಡುಕುವ ಪೊಲೀಸ್ ತಂಡಕ್ಕೆ ಸೇರಿದಳು. ಹೆಣ ಬಿದ್ದ ಜಾಗಕ್ಕೆ ಹೋಗಿ, ಜನ ನೆಲ ಸಾರಿಸುವ ಮೊದಲೇ ಗುರುತು ತೆಗೆಯುವ ಕೆಲಸ.

ಈ ಆಷಾಢದಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಳು. ನೀರು ಕೊಟ್ಟೆ, ಕುಡಿದಳು. ಊರೂರಿನ ಮೈ ತೊಳೆಯುವವರಿಗೆಲ್ಲ ಹೇಳುತ್ತಿದ್ದೇನೆ, ಗಾಯ ಕಂಡರೆ ಕೈ ನಿಲ್ಲಿಸಿ ಫೋನ್ ಮಾಡಿರಿ ಎಂದಳು. ಅಕ್ಕನ ಹೆಸರೆತ್ತಲಿಲ್ಲ. ನಾನೇ ಎತ್ತಿದೆ. ಎಡಕ್ಕೆ ಮೂರು, ಬಲಕ್ಕೆ ಒಂದು, ಎಲ್ಲ ಹೇಳಿದೆ.

ಅವಳು ಪುಸ್ತಕ ತೆರೆದಿದ್ದಳು, ಮುಚ್ಚಿದಳು.

"ಇದನ್ನ ನಾ ಬರಕೊಳ್ಳಾಂಗಿಲ್ಲವ್ವಾ. ಸ್ವಂತ ಅಕ್ಕಂದು. ಎಸ್ಸೈ ಸುರೇಂದರ್ ಸಾಬ್ರು ಬರ್ತಾರ, ಅವರ ಮುಂದ ಹೇಳ್ತೀರೇನು?"

ಹೇಳುತ್ತೇನೆ ಎಂದೆ. ಹನ್ನೆರಡು ವರ್ಷ ಯಾಕೆ ಸುಮ್ಮನಿದ್ದಿ ಎಂದು ವಕೀಲರು ನಿಮ್ಮನ್ನೇ ಕಳ್ಳಿಯ ಹಾಗೆ ನಿಲ್ಲಿಸುತ್ತಾರೆ, ಹೂತಲ್ಲಿ ಮಣ್ಣು ತೆಗೆದರೂ ಏನೂ ಸಿಗದೆ ಹೋಗಬಹುದು ಎಂದಳು. ನಿಲ್ಲಿಸಲಿ ಎಂದೆ.

"ಹಂಗಾರ ಕೇಸು ಮುಗಿಯೋತನಕ ನಾ ಈ ಮನಿ ಮೆಟ್ಟಲ ಹತ್ತಂಗಿಲ್ರಿ. ಎದುರು ಸಿಕ್ಕರೂ ಮಾತಾಡ್ಸಬ್ಯಾಡ್ರಿ. ನಾನ ಕಲಿಸಿಕೊಟ್ಟೆ ಅಂತಾರ."

ಸುರೇಂದರ್ ಸಾಹೇಬರು ಮಂಗಳವಾರ ಬಂದು ಬರೆದುಕೊಂಡು ಹೋದರು. ಹೆಸರು ಬರೆದು ರುಜು ಮಾಡಿದೆ. ಅಖಿಲಾ ಮತ್ತೆ ಬಂದಿಲ್ಲ. ಅವಳು ಹೇಳಿದ್ದನ್ನು ನಡೆಸುವವಳು. ಕೇಸು ಮುಗಿಯುವತನಕ ನಾನು ಇರುತ್ತೇನೋ ಇಲ್ಲವೋ.

ಮನೆಗೆ ಬಂದ ಆ ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡವಳು ಹೊರಡಲಿಲ್ಲ. ಹೊಸ್ತಿಲ ಆಚೆಯೇ ನಿಂತಳು. ಪೊಲೀಸಿನವಳ ದನಿ ಇರಲಿಲ್ಲ, ಆ ಹದಿಮೂರರ ಹುಡುಗಿಯದೇ ಇತ್ತು.

"ಅವತ್ತ ಅಕ್ಕನ ಮೈ ತೊಳಿಯಾಕ ಹಾಕಿದ್ದು ಬಿಸಿನೀರೇನವ್ವಾ?"