ಅಂಚೆಚೀಟಿಯ ಮೇಲಿನ ನೀಲವ್ವ

ಒಬ್ಬ ಹೆಣ್ಣುಮಗಳಿಗೆ ಅವಳ ತಾಯಿಯ ಮುಖ ಸಿಗದಂತೆ ಮಾಡಿದವನು ನಾನು. ಆ ಮುಖ ನನ್ನ ಟ್ರಂಕಿನಲ್ಲಿತ್ತು — ಧೋತರದ ಮಡಿಕೆಯೊಳಗೆ, ಒಂದು ಅಂಚೆಚೀಟಿಯ ಮೇಲೆ. ಅವಳ ತಂದೆ ನನ್ನ ಗೆಳೆಯ. ಅವನು ಬಾಯಿಬಿಟ್ಟು ಕೇಳಿದ. ಇಲ್ಲ ಎಂದೆ. ಅವನು ಸಾಯುವವರೆಗೂ ಇಲ್ಲ ಎಂದೇ ಇದ್ದೆ.

ಆ ಚೀಟಿಯ ಸಂಗತಿ ಈಗಿನವರಿಗೆ ಗೊತ್ತಿಲ್ಲ. ಸ್ವಾತಂತ್ರ್ಯ ಬಂದಾಗ ನಮ್ಮ ಕುಂದಗೋಳ ಧಾರವಾಡ ಜಿಲ್ಲೆಯದಾಗಿರಲಿಲ್ಲ, ಒಂದು ಸಂಸ್ಥಾನದ ತುಂಡಾಗಿತ್ತು. ಆಗ ಕೆಲವು ಚಿಕ್ಕ ಸಂಸ್ಥಾನಗಳು ಕೂಡಿಕೊಂಡು ಒಂದು ಒಕ್ಕೂಟದ ರಾಜ್ಯ ಕಟ್ಟಿದವು. ಬಾಳಿದ್ದು ಕೆಲವೇ ತಿಂಗಳು. ಆದರೆ ನೂರು ವರ್ಷ ಬಾಳುತ್ತದೆಂಬಂತೆ ಎಲ್ಲರೂ ಓಡಾಡಿದರು. ಸ್ವಂತ ಅಂಚೆಚೀಟಿ ಬೇಕೆಂದು ಮೇಲಿನವರಿಗೆ ಉಮೇದು ಬಂತು. ಅದರ ಮೇಲೆ ರಾಜರ ಮುಖ ಹಾಕೋಣವೆಂದರೆ ಯಾವ ರಾಜರದು ಎಂಬ ತಕರಾರು. ಕೊನೆಗೆ, ಹೊಲಕ್ಕೆ ಬುಟ್ಟಿ ಹೊತ್ತು ಹೋಗುವ ರೈತ ಹೆಂಗಸು ಇರಲಿ ಎಂದಾಯಿತು.

ನಾನು ಮೆಟ್ರಿಕ್ ಮುಗಿಸಿ ಕಚೇರಿಗೆ ಹೊಸದಾಗಿ ಸೇರಿದ ಕಾರಕೂನ. ಚಿತ್ರ ಬರೆಯುವವರು ಯಾರಿದ್ದಾರೆ ಎಂದು ಸಾಹೇಬರು ಕೇಳಿದಾಗ ಈರಪ್ಪನ ಹೆಸರು ಹೇಳಿದವನು ನಾನೇ. ಈರಪ್ಪ ಕನ್ನಡ ಶಾಲೆಯಲ್ಲಿ ನನ್ನ ಜೊತೆ ಕಲಿತವನು. ಚಿತ್ರಗಾರರ ಮನೆತನ, ದೇವರ ಮೂರ್ತಿಗಳಿಗೆ ಬಣ್ಣ ಕೊಡುವುದು ಅವರ ಕಸಬು. ಮನುಷ್ಯರನ್ನು ನಿಲ್ಲಿಸಿಕೊಂಡು ಬರೆದು ಅವನಿಗೆ ರೂಢಿಯಿರಲಿಲ್ಲ. ಅದಕ್ಕೇ ಹೆಂಡತಿಯನ್ನು ನಿಲ್ಲಿಸಿದ. ಸೀಗೆ ಹುಣ್ಣಿಮೆಯ ದಿನ, ಹೊಲದ ಬದುವಿನ ಮೇಲೆ, ಭೂಮಿಗೆ ಚೆಲ್ಲುವ ಚರಗದ ಬುಟ್ಟಿ ಹೊತ್ತುಕೊಂಡು ನೀಲವ್ವ ನಿಂತಳು. ಬಸುರಿ. ನಾನೂ ಅಲ್ಲಿದ್ದೆ.

“ನಗಬ್ಯಾಡ, ಸುಮ್ಮ ನಿಂದ್ರು,” ಎಂದ ಈರಪ್ಪ.

“ಕಡಬು ಆರಿ ಹೊಂಟಾವು. ನಿಮ್ಮ ಸರಕಾರಕ್ಕ ಹಸಿವಿ ಆಗಂಗಿಲ್ಲೇನು?” ಎಂದಳು ನೀಲವ್ವ. ನಗು ತಡೆಯಲು ಕೆಳತುಟಿಯನ್ನು ಹಲ್ಲಿನಡಿ ಹಿಡಿದಳು. ಅವನು ಹಾಗೆಯೇ ಬರೆದ.

ಚಳಿಗಾಲದಲ್ಲಿ ಹೆಣ್ಣು ಕೂಸು ಹುಟ್ಟಿತು. ನೀಲವ್ವ ಬಾಣಂತಿ ಜ್ವರದಲ್ಲಿ ಹೋದಳು. ಅವಳದೊಂದೂ ಫೋಟೋ ಇರಲಿಲ್ಲ. ಛಾಪಖಾನೆಗೆ ಹೋದ ಚಿತ್ರವೂ ತಿರುಗಿ ಬರಲಿಲ್ಲ.

ಚೀಟಿಗಳ ಕಟ್ಟುಗಳು ಕಚೇರಿಗೆ ಬಂದವು. ಮಾರಾಟಕ್ಕೆ ದಿನ ಗೊತ್ತುಮಾಡುವ ಮೊದಲೇ ರಾಜ್ಯವೇ ಇಲ್ಲವಾಯಿತು — ಎಲ್ಲವೂ ಮುಂಬೈ ಪ್ರಾಂತದಲ್ಲಿ ವಿಲೀನ. ಒಂದೂ ಉಳಿಯದಂತೆ ಸುಡಬೇಕೆಂದು ಹುಕುಂ ಬಂತು. ಆ ಕೆಲಸ ನನ್ನ ಪಾಲಿಗೆ. ಕಚೇರಿಯ ಹಿತ್ತಲಲ್ಲಿ ಹಾಳೆ ಹಾಳೆಯಾಗಿ ನೀಲವ್ವನನ್ನು — ಆಗ ಹಾಗೆ ಅನಿಸಲಿಲ್ಲ. ಬರೀ ಕಾಗದ ಅನಿಸಿತು. ಒಂದೇ ಒಂದನ್ನು ಹರಿದು ಕೋಟಿನ ಕಿಸೆಯಲ್ಲಿಟ್ಟುಕೊಂಡೆ. ಯಾಕೆಂದರೆ… ಚೆಂದ ಇತ್ತು. ಅಷ್ಟೇ. ಆಮೇಲೆ ಒಂದೂ ಉಳಿದಿಲ್ಲವೆಂದು ಸಹಿ ಮಾಡಿದೆ.

ಬೂದಿ ಇನ್ನೂ ಬೆಚ್ಚಗಿತ್ತು. ಈರಪ್ಪ ಓಡುತ್ತ ಬಂದ.

“ಗುಂಡ್ಯಾ, ಒಂದ ತಿಕೀಟ ಕೊಡೋ. ನಾಳೆ ಕೂಸಿಗೆ ತೋರಸಾಕ ಅವರವ್ವಂದು ಮತ್ತೇನೂ ಇಲ್ಲ.”

“ಒಂದೂ ಉಳದಿಲ್ಲೋ ಈರ್ಯಾ. ಎಲ್ಲಾ ಸುಟ್ಟೇನಿ.”

ಅವನು ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಬೂದಿ ಕೆದಕಿದ. ನಾನು ಕಿಸೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಕೊನೆಗೆ ಎದ್ದು, “ನೀ ಯಾಕ ಮಾರಿ ಸಣ್ಣ ಮಾಡ್ತಿ? ಹುಕುಂ ಬಂದ್ರ ನೀ ಏನ ಮಾಡಾಂವ?” ಎಂದು ನನಗೇ ಸಮಾಧಾನ ಹೇಳಿ ಹೋದ.

ಹಳೆಯ ಸಂಸ್ಥಾನದ ಕಾರಕೂನರಲ್ಲಿ ಯಾರನ್ನು ಇಟ್ಟುಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ ಎಂದು ಎಲ್ಲರೂ ನಡುಗುತ್ತಿದ್ದ ದಿನಗಳವು. ಅದನ್ನು ನೆವವಾಗಿ ಹೇಳುತ್ತಿಲ್ಲ. ಆ ಹೆದರಿಕೆ ಒಂದೆರಡು ವರ್ಷದಲ್ಲಿ ಹೋಯಿತು. ಚೀಟಿ ಮಾತ್ರ ಟ್ರಂಕಿನಲ್ಲೇ ಇತ್ತು. ಕೊಟ್ಟರೆ, ಇಷ್ಟು ದಿನ ಎಲ್ಲಿತ್ತು ಎನ್ನುತ್ತಾನೆ — ಈ ಒಂದು ಪ್ರಶ್ನೆಗೆ ಅಂಜಿದೆ. ವರ್ಷ ಕಳೆದಷ್ಟೂ ಪ್ರಶ್ನೆ ದೊಡ್ಡದಾಗುತ್ತ ಹೋಯಿತು.

ಇದಕ್ಕಿಂತ ಕೆಟ್ಟದ್ದನ್ನು ಈಗ ಹೇಳಬೇಕು.

ನಮ್ಮ ಓಣಿಯ ಕಾಮಣ್ಣ, ರತಿ — ಕಟ್ಟಿಗೆಯ ಗೊಂಬೆಗಳು — ಅವಕ್ಕೆ ಪ್ರತಿ ಹೋಳಿ ಹುಣ್ಣಿಮೆಗೆ ಹೊಸ ಬಣ್ಣ ಕೊಡುವವನು ಈರಪ್ಪನೇ. ರತಿಗೆ ನೀಲವ್ವನ ಮುಖ ತರಬೇಕೆಂದು ಅವನಿಗೆ ಹಟ ಬಂತು. ಬರುತ್ತಿರಲಿಲ್ಲ. “ಕೈ ದೇವರ ಮಾರಿ ಕಡೀಗೇ ಎಳಿತೈತಲೇ,” ಎನ್ನುತ್ತಿದ್ದ. ಕಣ್ಣು ಬರೆದರೆ ದೇವಿಯ ಕಣ್ಣು, ಕಿವಿಯವರೆಗೆ. ಓಣಿಯ ಹುಡುಗರು ಬಿಡುತ್ತಿರಲಿಲ್ಲ: “ಈರಪ್ಪಣ್ಣಾ, ಈ ಸಲ ರತಿ ಮೂಗು ಭಾಳ ಉದ್ದ ಆತು. ಕಾಮಣ್ಣ ಒಲ್ಲೆ ಅಂದ್ರ?” “ಅಂವ ಒಲ್ಲೆ ಅಂದ್ರ ನಿನಗ ಕಟ್ಟತೀನಿ ಬಾರಲೇ!” ಎಂದು ನಗಿಸುತ್ತಿದ್ದ. ಹುಡುಗರು ಹೋದ ಮೇಲೆ ನನ್ನ ಕಡೆ ತಿರುಗುತ್ತಿದ್ದ. ಬರೆದು ಅಳಿಸಿ, ಬರೆದು ಅಳಿಸಿ ಅವನಿಗೇ ಆ ಮುಖದ ನೆನಪು ಕಲಸಿಹೋಗಿತ್ತು. ನೀಲವ್ವನ ಆ ಚಿತ್ರವನ್ನು ಹತ್ತಿರದಿಂದ ನೋಡಿದವರು ಊರಲ್ಲಿ ಬೇರೆ ಯಾರಿದ್ದರು?

“ಖರೇ ಹೇಳು ಗುಂಡ್ಯಾ. ಬಂದೈತೇನು?”

ಬಂದಿರಲಿಲ್ಲ. ಚೀಟಿಯನ್ನು ತೆಗೆದು ತೆಗೆದು ನೋಡಿ ನನಗೆ ಆ ಮುಖ ಬಾಯಿಪಾಠವಾಗಿತ್ತು. ಸಣ್ಣ ಕಣ್ಣು, ಅಗಲ ಹಣೆ, ಹಲ್ಲಿನಡಿ ಸಿಕ್ಕ ತುಟಿ. “ಕಣ್ಣು ಸಣ್ಣ ಮಾಡು” ಎಂದಾದರೂ ಹೇಳಬಹುದಿತ್ತು. ಹೇಳಿದರೆ ನಿನಗೆ ಇಷ್ಟು ಹೇಗೆ ನೆನಪು ಎಂದಾನು…

“ಅಗದಿ ಹಂಗ ಅದ,” ಎಂದೆ.

ಅವನು ಮಗಳನ್ನು ಎತ್ತಿ ಹಿಡಿದ. “ನೋಡವ್ವಾ ಸುಶೀಲಾ, ಕಾಕಾ ಹೇಳ್ಯಾನ. ನಿಮ್ಮವ್ವ ಹಿಂಗ ಇದ್ಲು.” ಆ ಕೂಸು ಗೊಂಬೆಯ ಕೆನ್ನೆ ಮುಟ್ಟಿತು. ಹಸಿ ಬಣ್ಣ ಬೆರಳಿಗೆ ಹತ್ತಿತು. ಮರುವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಎಷ್ಟು ಹೋಳಿ ಹಾಗೆ ಹೋದವೋ.

ಇಸವಿ ಎಂಬತ್ತೈದರ ಸುಮಾರಿಗೆ ನಿವೃತ್ತನಾದೆ. ಈಗಲಾದರೂ — ಎಂದುಕೊಳ್ಳುತ್ತಲೇ ಇದ್ದೆ. ಈರಪ್ಪ ಕಳೆದ ಬೇಸಿಗೆಯಲ್ಲಿ ತೀರಿಕೊಂಡ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ನನಗೆ ಧೈರ್ಯ ಬಂತು. ಎಂಥ ಧೈರ್ಯ ನೋಡಿ. ಕೇಳುವವನು ಇಲ್ಲವಾದ ಮೇಲಿನ ಧೈರ್ಯ.

ಸುಶೀಲಾಳನ್ನು ಮೊರಬಕ್ಕೆ ಕೊಟ್ಟಿದ್ದಾರೆ. ಬಸ್ಸು ಹತ್ತಿ ಹೋದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. “ಬರ್ರಿ ಕಾಕಾ, ಕುಂಡ್ರಿ. ಅಪ್ಪ ಹೋದ್ರೂ ನಮ್ಮನ್ನ ಮರ್ತಿಲ್ಲಲ್ರಿ ನೀವು.” ಚೀಟಿಯನ್ನು ಅವಳ ಅಂಗೈಯಲ್ಲಿಟ್ಟೆ. ಬೆಳಕಿಗೆ ಹಿಡಿದು ನೋಡಿದಳು.

“ಯಾರ್ರಿ ಇಕಿ?”

“ನಿಮ್ಮವ್ವ.”

ಅವಳು ನಕ್ಕಳು. “ಚಾಷ್ಟಿ ಮಾಡ್ತೀರೇನ್ರಿ? ನಮ್ಮವ್ವನ ಕಣ್ಣು ಇಷ್ಟಿಷ್ಟ ದೊಡ್ಡು ಇದ್ವು. ನೀವ ಹೇಳಿದ್ರಲ್ಲಾ.”

ಆಗ ಎಲ್ಲ ಹೇಳಿದೆ. ಕಿಸೆಯಿಂದ ಹಿಡಿದು ಗೊಂಬೆಯವರೆಗೆ ಎಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. ಚೀಟಿಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ಕೇಳಿದಳು:

“ಅಪ್ಪ ಇದನ್ನ ನೋಡಿದ್ನೇನ್ರಿ?”

“ಇಲ್ಲವ್ವಾ.”

“ಹಂಗಾರ ಇಕಿ ನಮ್ಮವ್ವ ಅಂತ ನಾ ಯಾರ ಮಾತಿನ ಮ್ಯಾಲೆ ನಂಬ್ಲಿ? ನಿಮ್ಮ ಮಾತಿನ ಮ್ಯಾಲೆ?”

ಚೀಟಿಯನ್ನು ನನ್ನ ಕೈಗೆ ತಿರುಗಿ ಕೊಟ್ಟಳು. “ಬಸ್ಸಿನ ಹೊತ್ತಾತು, ಹೋಗ್ರಿ,” ಎಂದಳು.

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಮಾತನ್ನು ನಂಬಿಯೇ ಅವಳು ಇಷ್ಟು ವರ್ಷ ಒಂದು ಗೊಂಬೆಯನ್ನು ಅವ್ವ ಎಂದುಕೊಂಡಿದ್ದಳು. ಈಗ ಅದನ್ನೂ ಕಿತ್ತುಕೊಂಡು ಬಂದೆ. ಬದಲಿಗೆ ಕೊಡಲು ಹೋದದ್ದು ನನ್ನ ಕೈಯಲ್ಲೇ ಉಳಿಯಿತು. ಈರ್ಯಾನಿಗಂತೂ ತೋರಿಸುವ ದಾರಿಯೇ ಇಲ್ಲ.

ನೀಲವ್ವನ ತವರು ಕುಬಿಹಾಳ. ಅವಳ ಓರಗೆಯ ಹೆಣ್ಣುಮಕ್ಕಳು, ಅವಳ ಜೊತೆ ಆಡಿದವರು, ನೀರು ಹೊತ್ತವರು, ಒಬ್ಬರಾದರೂ ಬದುಕಿರಬಹುದು. ನಾಳೆ ಅಲ್ಲಿಗೆ ಹೋಗುತ್ತೇನೆ. ಯಾರ ಮುಖವೆಂದು ನಾನು ಹೇಳುವುದಿಲ್ಲ. ಚೀಟಿಯನ್ನು ಅವರ ಕೈಗೆ ಕೊಟ್ಟು ಸುಮ್ಮನಿರುತ್ತೇನೆ. ಗುರುತು ಹಿಡಿದರೆ ಅವರನ್ನು ಕೈಹಿಡಿದು ಮೊರಬಕ್ಕೆ ಕರೆದುಕೊಂಡು ಹೋಗುತ್ತೇನೆ. ಸುಶೀಲಾಳಿಗೆ ಹೇಳುವವರು ಅವರು. ನಾನು ಬಾಗಿಲ ಹೊರಗೆ ನಿಲ್ಲುತ್ತೇನೆ.